ಮನೆ ನೋಡಲು ಹೋಗಿ ಸ್ಕೂಲು ನೋಡಿದ್ದು

ಕಳೆದ ಭಾನುವಾರ ಅಮ್ಮ, ಹೆಂಡತಿ, ಮಗಳು ಎಲ್ಲ ಸೇರಿ ತರೀಕೆರೆಯಲ್ಲಿ ಒಂದು ಮನೆ ನೋಡಲು ಹೋಗಿದ್ದೆವು. ಬಾಡಿಗೆ ಕಾರಿನಿಂದ ಇಳಿಯುವ ಮೊದಲೇ ನನ್ನ ಹೆಂಡತಿ "ಇದೇ ಇರ್ಲಿ" ಎಂದುಬಿಟ್ಟಳು. ಒಳಗೆ ಅಡುಗೆಮನೆ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ! ಅವಳ ಕಣ್ಣೆಲ್ಲ ರಸ್ತೆಯಾಚೆಗಿನ ಸ್ಕೂಲಿನ ನೀಲಿ ಗೇಟಿನ ಮೇಲಿತ್ತು.

ನಾವಿರುವುದು ಕಡೂರಿನಲ್ಲಿ, ಬಾಡಿಗೆ ಮನೆಯಲ್ಲಿ. ನನ್ನ ಕೆಲಸವೂ ಅಲ್ಲೇ. ಹಿರೇನಲ್ಲೂರು ರಸ್ತೆಯಲ್ಲಿ ಒಂದು ಮನೆಯನ್ನು ನಾನಾಗಲೇ ಮೆಚ್ಚಿಕೊಂಡಿದ್ದೆ. ಒಳ್ಳೆ ಬೋರ್‌ವೆಲ್, ದೊಡ್ಡ ಹಿತ್ತಲು. ಆದರೆ ಮಗಳು ಜೂನ್‌ಗೆ ಒಂದನೇ ಕ್ಲಾಸು. ತರೀಕೆರೆಯ ಈ ಸ್ಕೂಲಿನಲ್ಲಿ ಸುತ್ತಮುತ್ತಲ ಬೀದಿಯ ಮಕ್ಕಳಿಗೇ ಮೊದಲು ಸೀಟು ಎಂದು ಅಜ್ಜಂಪುರದಲ್ಲಿರುವ ಹೆಂಡತಿಯ ಅಕ್ಕ ಹೇಳಿದ್ದಾಳೆ. (ಅವಳಕ್ಕನಿಗೆ ಯಾರು ಹೇಳಿದರು ಎಂದು ಕೇಳುವಷ್ಟು ಧೈರ್ಯ ನನಗಿಲ್ಲ.)

ನಮ್ಮಪ್ಪನ ಕಾಲದಲ್ಲಿ ಮನೆ ಕೊಳ್ಳುವವರು ಏನು ನೋಡುತ್ತಿದ್ದರು? ನೀರು, ವಾಸ್ತು, ಖಾತೆ. ಈಗ ಸ್ಕೂಲು! ತಪ್ಪು ಅಂತಲೂ ಹೇಳಲಾರೆ. ಅಷ್ಟು ಪುಟ್ಟ ಹುಡುಗಿ ಬೆಳಗಾಗೆದ್ದು ಕಡೂರಿನಿಂದ ವ್ಯಾನಿನಲ್ಲಿ ತೂಕಡಿಸಿಕೊಂಡು ಹೋಗುವುದನ್ನು ನೆನೆದರೆ ಕರುಳು ಚುರ್ ಎನ್ನುತ್ತದೆ. ಹಾಗಂತ ನಾನು ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಕಡೂರಿಗೆ ಹೋಗಿ ಬರಲೇ? ಅದನ್ನು ನೆನೆದರೆ ಸೊಂಟ ಚುರ್ ಎನ್ನುತ್ತದೆ. ನೀವೇ ಹೇಳಿ, ಯಾವ ಚುರ್ ದೊಡ್ಡದು?

ಮನೆಯ ಯಜಮಾನರು ಒಳ್ಳೆಯವರು. ಕಾಫಿ ಕೊಟ್ಟರು. ಸಂಜೆ ಇನ್ನೊಂದು ಪಾರ್ಟಿ ಬರುತ್ತಿದೆ, ಅಷ್ಟರೊಳಗೆ ಹೇಳಿಬಿಡಿ ಎಂದರು.

"ಇಷ್ಟು ಚೆನ್ನಾಗಿರೋ ಮನೆ ಯಾಕ್ ಸಾರ್ ಮಾರ್ತೀರ?" ಎಂದೆ.

"ಮಗಳದು ಟೆಂತ್ ಮುಗೀತಲ್ಲ ಸಾರ್, ಒಳ್ಳೆ ಮಾರ್ಕ್ಸೇ ಬಂದಿದೆ. ಇನ್ನು ಪಿಯುಸಿ. ಶಿವಮೊಗ್ಗದಲ್ಲಿ ಕಾಲೇಜ್ ಪಕ್ಕಾನೇ ಒಂದು ಮನೆ ನೋಡಿದೀವಿ. ಇದನ್ನೂ ಹಂಗೇ ತಗೊಂಡಿದ್ದು ಕಣ್ರೀ, ಅವಳನ್ನ ಒಂದನೇ ಕ್ಲಾಸಿಗೆ ಸೇರಿಸೋವಾಗ."

ಹೆಂಡತಿಯ ಮುಖದಲ್ಲಿ ಮೆಚ್ಚುಗೆ. ನಾನು ಮಾತ್ರ ಕಾಫಿ ಲೋಟ ಕೆಳಗಿಟ್ಟು ಲೆಕ್ಕ ಹಾಕತೊಡಗಿದೆ. ಅಂದರೆ ಮಗಳ ಟೆಂತ್ ಮುಗಿದ ಮಾರನೇ ದಿನ ನಾವೂ ಗಂಟುಮೂಟೆ ಕಟ್ಟಬೇಕೆ? ಇದು ಮನೆಯೋ, ಹಾಸ್ಟೆಲ್ಲೋ?

ಅಷ್ಟರಲ್ಲಿ ಹಿತ್ತಲಿನಿಂದ ನಮ್ಮಮ್ಮನ ಕೂಗು ಕೇಳಿಸಿತು. ಅಮ್ಮ ಸಿಂಗಟಗೆರೆ ಕಡೆಯವಳು. ಅಲ್ಲಿ ಮನೆ ಅಂತ ಒಂದು ಆದರೆ ಮೊದಲು ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ತೆಂಗಿನ ಸಸಿ ನೆಡುತ್ತಾರೆ. ಗೋಡೆಗೆ ಸುಣ್ಣ ಬಳಿಯುವುದೆಲ್ಲ ಆಮೇಲಿನ ಮಾತು.

"ಲೋ, ಇಲ್ಲಿ ಬಾರೋ. ಇಷ್ಟ್ ವರ್ಸ ಇದ್ದವ್ರೆ, ಒಂದ್ ತೆಂಗಿನ ಗಿಡ ಇಲ್ವಲ್ಲೋ!"

ಯಜಮಾನರ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದರು: "ನಂಗೂ ಆಸೆ ಇತ್ತಮ್ಮ. ಹೆಂಗಿದ್ರೂ ಬಿಟ್ಟು ಹೋಗೋ ಮನೆ, ಕಾಯಿ ಬಿಡೋ ಹೊತ್ತಿಗೆ ನಾವ್ ಇರಲ್ಲ ಅಂತ ಇವ್ರು ಬ್ಯಾಡ ಅಂದ್ರು. ಇದ್ದಿದ್ರೆ ಇಷ್ಟೊತ್ತಿಗೆ ಕಾಯಿ ಕೀಳ್ಬೋದಿತ್ತು."

ನನಗೆ ನಿಜಕ್ಕೂ ಸಂಕಟವಾಯಿತು. ಅಷ್ಟು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಆಕೆ ನೆಂಟರ ಹಾಗೆ ಇದ್ದರಲ್ಲ! ಆದರೆ ಅವರ ಮಗಳು ಚೆನ್ನಾಗಿ ಓದಿದ್ದಾಳೆ, ಅದೂ ಸುಳ್ಳಲ್ಲವಲ್ಲ. ಯಾವುದನ್ನು ಸರಿ ಅನ್ನಲಿ? ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಮತ್ತೆ ಕಾರು ಹತ್ತಿದೆವು. "ಸಂಜೆಯೊಳಗೆ ಹೇಳ್ಬೇಕು ಕಣ್ರೀ" ಎಂದಳು ಹೆಂಡತಿ. "ನೋಡೋಣ" ಎಂದೆ. (ಗಂಡಸರು ಏನೂ ತೋಚದಾಗ ಆಡುವ ಮಾತು.)

ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಮ್ಮ ಬಾಯಿ ತೆರೆದಳು:

"ತಗೊಳ್ಳೋದಾದ್ರೆ ತಗೊಳ್ರಪ್ಪ, ನಾನ್ಯಾಕ್ ಬ್ಯಾಡ ಅನ್ಲಿ? ಊರಿಂದ ಸಸಿ ತರ್ಲೋ, ಬ್ಯಾಡ್ವೋ, ಅಷ್ಟ್ ಹೇಳಿ."