ಕರ್ಮಣಿ ಪ್ರಯೋಗದ ಆಡು

ಸಿಂಧನೂರಿನಿಂದ ದಿನಾ ಬಸ್ಸಿನಲ್ಲಿ ಜವಳಗೇರಾ ಕಡೆಯ ಒಂದು ಹೈಸ್ಕೂಲಿಗೆ ಹೋಗಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ವರ್ಷ ಹತ್ತನೇ ತರಗತಿಯವರು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸಕ್ಕೆಂದು ನಾನೇ ಒಂದು ಗದ್ಯ ಬರೆದೆ. ಗೈಡುಗಳಲ್ಲಿ ಬರೀ ಹಿಮ, ಹಡಗು. ನಮ್ಮ ಮಕ್ಕಳಿಗೆ ಆಡೇ ವಾಸಿ ಅನಿಸಿತು. ಮುದುಕಿಯೊಬ್ಬಳ ಆಡು ಕಳುವಾದ ಕತೆ. ‘ಎ ಗೋಟ್ ವಾಸ್ ಸ್ಟೋಲನ್’ ಎಂದು ಶುರು. ಕರ್ಮಣಿ ಪ್ರಯೋಗವೂ ಅದರಲ್ಲೇ ಮುಗಿಯಲಿ ಎಂಬ ಆಸೆ. ಜೆರಾಕ್ಸ್ ಹಂಚಿ, ಮನೆಯಲ್ಲಿ ಗಟ್ಟಿಯಾಗಿ ಓದಿ, ಅರ್ಥ ಮನೆಯವರಿಗೂ ಹೇಳಿ ಎಂದೆ.

ಮರುದಿನ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಎರಡು ದಿನದ ಹಿಂದೆ ಅವರ ಆಡು ಕಾಣೆಯಾಗಿತ್ತಂತೆ.

“ಮಾಸ್ತರ್ರೀ, ನನ್ನ ಆಡಿನ ಸುದ್ದಿ ನಿಮಗ ಹ್ಯಾಂಗ ಗೊತ್ತಾತು? ಕದ್ದಾಂವ ಯಾರಂತ ಯಾಕ ಬರದಿಲ್ಲ?”

“ಅಮ್ಮಾ, ಇದು ಬರೀ ವ್ಯಾಕರಣ. ಇದರಾಗ ಮಾಡಿದಾಂವನ ಹೆಸರು ಹೇಳಬೇಕಂತಿಲ್ಲ.”

“ಅಂದ್ರ ಇಂಗ್ಲಿಷಿನ್ಯಾಗ ಕಳ್ಳನ್ನ ಮುಚ್ಚಿಡಾಕ ಬರ್ತೈತಿ ಅಂದಂಗಾತು.”

ಕರ್ಮಣಿ ಪ್ರಯೋಗವನ್ನು ಇಷ್ಟು ಸ್ಪಷ್ಟವಾಗಿ ನಾನು ಯಾವ ಕ್ಲಾಸಿನಲ್ಲೂ ವಿವರಿಸಿರಲಿಲ್ಲ. ಅಷ್ಟರಲ್ಲಿ ಮುಖ್ಯಗುರುಗಳು ಬಂದರು. ಊರ ಜಗಳ ಶಾಲೆಗೆ ಬೇಡವೆಂದು, ಗದ್ಯದಲ್ಲಿರುವ ಆಡು ಕಾಲ್ಪನಿಕ ಎಂದು ನನ್ನಿಂದ ಬರೆಸಿ, ಶಾಲೆಯ ಶಿಕ್ಕಾ ಒತ್ತಿ ಅಜ್ಜಿಗೆ ಕೊಟ್ಟರು. ಅವರು ಅದನ್ನು ಮಡಿಚಿ ಎಲೆಯಡಿಕೆ ಸಂಚಿಯಲ್ಲಿಟ್ಟುಕೊಂಡು ಹೋದರು.

ನಾಲ್ಕು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಸಿಟ್ಟಿರಲಿಲ್ಲ, ಸ್ವಲ್ಪ ನಾಚಿಕೆಯಿತ್ತು.

“ಆಡು ತಾನ ಬಂದೈತ್ರೀ. ಕಾಲುವಿ ದಂಡಿಗುಂಟ ಮೇಯ್ಕೋತ ಹೋಗಿತ್ತಂತ. ಯಾರೂ ಕದ್ದಿಲ್ಲ, ನಾ ಸುಮ್ನ ಮಂದಿ ಮ್ಯಾಲ ಅನುಮಾನ ಪಟ್ಟೆ. ನೀವೂ ನಿಮ್ಮ ಕಾಗದದಾಗ ತಿದ್ರಿ.”

ಅದು ಬೇರೆ ಆಡು ಎಂದು ನಾನು ಹೇಳುವ ಮೊದಲೇ ಅವರು ಹಿಂದಿನ ಬೆಂಚಿನಲ್ಲಿ ಕೂತುಬಿಟ್ಟರು. ತಿದ್ದುವವರೆಗೆ ಏಳುವುದಿಲ್ಲವಂತೆ. ಮಕ್ಕಳು ನನ್ನನ್ನು ಕೇಳಲೇ ಇಲ್ಲ. ಪೆನ್ನು ತೆಗೆದು ‘ಸ್ಟೋಲನ್’ ಹೊಡೆದುಹಾಕಿ ಅದರ ಮೇಲೆ ‘ಕೇಮ್’ ಎಂದು ಬರೆದರು. “ಎ ಗೋಟ್ ವಾಸ್ ಕೇಮ್” ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಓದಿತು. ವಾರವಿಡೀ ಕಲಿಸಿದ ವ್ಯಾಕರಣ ಕಣ್ಣೆದುರೇ ಕೆಟ್ಟುಹೋಯಿತು.

“ಈಗ ಏನಂತೈತಿ?” ಅಜ್ಜಿ ಮೊಮ್ಮಗಳನ್ನು ಕೇಳಿದರು.

“ಆಡು ಬಂತಂತ.”

“ಹಾಂ, ಈಗ ಬರೋಬ್ಬರಿ ಆತು,” ಎಂದು ಅವರು ಎದ್ದರು. ಅವರು ಗೇಟು ದಾಟುವವರೆಗೂ ನಾನು ಆ ವಾಕ್ಯ ತಿದ್ದಲು ಬೋರ್ಡಿನ ಕಡೆ ತಿರುಗಲಿಲ್ಲ.