ಐದು ಮೊದಲೋ, ಇಪ್ಪತ್ತು ಮೊದಲೋ

ಮೊನ್ನೆ ಮಿರಜದ ಒಂದು ದವಾಖಾನೆಗೆ ಹೋಗಬೇಕಿತ್ತು. ಫೋನ್ ನಂಬರು ಕೇಳಿದರೆ ನೆರೆಮನೆಯ ಕಾಕೂ ಗೋಡೆಯಾಚೆಯಿಂದಲೇ ಮರಾಠಿಯಲ್ಲಿ ಗಡಗಡ ಹೇಳಿದರು. ಅವರು "ಪಂಚವೀಸ" ಎಂದದ್ದನ್ನು ನಾನು 52 ಎಂದು ಬರೆದುಕೊಂಡೆ. ಫೋನು ಹೋಗಿ ಬಿದ್ದದ್ದು ಕುಪವಾಡದ ಯಾವುದೋ ವೆಲ್ಡಿಂಗ್ ಶೆಡ್ಡಿಗೆ. "ಗೇಟ ತಯಾರ ಆಹೇ, ಘೇವೂನ ಜಾ" ಎಂದ ಅತ್ತಲಿನವ. ಗೇಟು ತಯಾರಾಗಿದೆ, ಒಯ್ಯಿರಿ ಅಂತ! ಜೀವಮಾನವೆಲ್ಲ ಗಣಿತ ಕಲಿಸಿದ ಮಾಸ್ತರನ ಗತಿ ನೋಡಿ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತು ಅನ್ನುತ್ತಾರಲ್ಲ, ಹಾಗಾಯಿತು. ಪಂಚವೀಸ ಎಂದರೆ ಮೊದಲು ಐದು, ಆಮೇಲೆ ಇಪ್ಪತ್ತು. ನಮ್ಮ ಇಪ್ಪತ್ತೈದರ ತಿರುವುಮುರುವು. ಒಬ್ಬನೇ ಕೂತು ನಕ್ಕೆ, ನಗುವಾಗಲೇ ನನ್ನ ಹಳೆಯ ವಿದ್ಯಾರ್ಥಿನಿ ಸುನಂದಾ ನೆನಪಾದಳು.

ನೀವು ಆಗಿನ ಮಿರಜ ನೋಡಬೇಕಿತ್ತು. ಕುಪವಾಡದ ಕಡೆ ನೋಡನೋಡುತ್ತ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಮೂಲೆಮೂಲೆಗೆ ಎಸ್‌ಟಿಡಿ ಬೂತು, ಗೋಡೆಗೋಡೆಗೆ ಹೊಸ ಇಂಗ್ಲಿಷ್ ಶಾಲೆಯ ಜಾಹೀರಾತು. ನಮ್ಮದು ಕನ್ನಡ ಪ್ರಾಥಮಿಕ ಶಾಲೆ, ವರ್ಷವರ್ಷವೂ ಮಕ್ಕಳು ಕಡಿಮೆಯಾಗುತ್ತಿದ್ದರು. ಇರುವವರ ಗಣಿತವಾದರೂ ಚೊಕ್ಕ ಇರಲಿ, ಇಲ್ಲದಿದ್ದರೆ ಅವರೂ ರಿಕ್ಷಾ ಹತ್ತಿ ಹೋಗುತ್ತಾರೆ ಎಂಬುದೊಂದೇ ನಮ್ಮ ಹೆಡ್‌ಮಾಸ್ತರರ ಚಿಂತೆ. ಪಾಪ, ಕೆಟ್ಟವರಲ್ಲ.

ಸುನಂದಾ ನಾಲ್ಕನೇ ಇಯತ್ತೆಗೆ ನನ್ನ ಬಳಿ ಬಂದಳು. ಅದಕ್ಕೆ ಮುಂಚೆ ಓದಿದ್ದೆಲ್ಲ ಸಮಡೋಳಿಯ ಮರಾಠಿ ಶಾಲೆಯಲ್ಲಿ. ಅಪ್ಪನಿಗೆ ಕುಪವಾಡದಲ್ಲಿ ಕೆಲಸ ಸಿಕ್ಕಿ ಮನೆಮಂದಿಯೆಲ್ಲ ಮಿರಜದ ಅಜ್ಜಿಯ ಮನೆಗೆ ಬಂದಿದ್ದರು. ಮೊಮ್ಮಗಳಿಗೆ ಬಸದಿಯ ಕನ್ನಡ ಸ್ತೋತ್ರ ಓದಲು ಬರಬೇಕೆಂದು ಅಜ್ಜಿಯೇ ಹಠ ಹಿಡಿದು ನಮ್ಮಲ್ಲಿ ಸೇರಿಸಿದ್ದು. ಓದುವುದನ್ನು ಬೇಗ ಕಲಿತಳು. ಅಂಕಿ ಹೇಳಿ ಬರೆಸಿದರೆ ಮಾತ್ರ ನನ್ನ ತಲೆ ಕೆಡುತ್ತಿತ್ತು. ಇಪ್ಪತ್ತೈದು ಎಂದರೆ 52, ಇಪ್ಪತ್ತೊಂಬತ್ತು ಎಂದರೆ 39. ಇಪ್ಪತ್ತೆರಡು, ಮೂವತ್ಮೂರು ಮಾತ್ರ ಯಾವತ್ತೂ ಸರಿ! ದಡ್ಡತನಕ್ಕೂ ಒಂದು ನೇಮ ಇರುತ್ತದೆಯೇ, ನೀವೇ ಹೇಳಿ.

"ಬರೂ ಶನಿವಾರ ನಾನ ಅಂಕಿ ಹೇಳತೀನಿ," ಎಂದರು ಹೆಡ್‌ಮಾಸ್ತರರು. "ಬರೀಲಿಕ್ಕೆ ಬರಲಿಲ್ಲಂದ್ರ ಎರಡನೇ ಇಯತ್ತೇಕ್ಕ ಕಳಸೂಣು."

ಎರಡನೆಯದರಲ್ಲಿ ಅವಳ ತಮ್ಮ ಇದ್ದ. ಹುಡುಗಿ ಪಡಸಾಲೆಯ ಕಂಬ ಹಿಡಿದು ನಿಂತುಬಿಟ್ಟಳು. "ತಮ್ಮನ ಬಾಜೂಕ ಕುಂದ್ರಂಗಿಲ್ರಿ ಗುರುಜಿ. ಸಾಲೀನ ಬಿಡತೀನಿ." ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಆಗ ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ತಿಂಗಳಿಗೊಮ್ಮೆ ಸಭೆ ಸೇರುತ್ತಿದ್ದೆವು. ಸಭೆ ಎಂದರೆ ಚಹಾ, ಚಿವಡಾ, ಮೇಲಿನಿಂದ ಬಂದ ಆದೇಶಗಳ ಓದು. ಆ ವರ್ಷ ಹೊಸದೊಂದು ಪದ್ಧತಿ ಬಂದಿತ್ತು. ಪ್ರತಿಯೊಬ್ಬರೂ ತಮ್ಮ ವರ್ಗದಿಂದ ಒಂದು ತಪ್ಪು ಉತ್ತರ ತರಬೇಕು, ಅದನ್ನು ತಪ್ಪು ಅನ್ನದೆ ಹೇಗೆ ಹುಟ್ಟಿತೆಂದು ಹುಡುಕಬೇಕು. ಮೊದಲು ಕೇಳಿದಾಗ ಬಿದ್ದುಬಿದ್ದು ನಕ್ಕಿದ್ದೆವು, ತಪ್ಪಿಗೇನು ಬರ, ಚೀಲಗಟ್ಟಲೆ ತರುತ್ತೇವೆ ಎಂದು. ಈ ಸಲ ನಾನು ಸುನಂದಾನ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ. ಒಬ್ಬರು ಕಣ್ಣಿನ ದೋಷ ಎಂದರು, ಇನ್ನೊಬ್ಬರು ಲಕ್ಷ್ಯ ಕಡಿಮೆ ಎಂದರು. ಖಂಡೇರಾಜುರಿ ಶಾಲೆಯಲ್ಲಿ ಕಲಿಸುವ ಬಾಯಾರು ಒಬ್ಬರು ಮೂಲೆಯಲ್ಲಿ ಚಿವಡಾ ತಿನ್ನುತ್ತಿದ್ದರು. "ಪೋರೀಲಾ ವಿಚಾರಲಂತ ಕಾ, ಗುರುಜಿ?" ಎಂದರು. ಹುಡುಗಿಯನ್ನೇ ಕೇಳಿದಿರಾ ಅಂತ.

ಕೇಳಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದೆ.

ಸೋಮವಾರ ಕರೆದು ಕೂರಿಸಿಕೊಂಡೆ. "ನಾ ತಪ್ಪು-ಸರಿ ಏನೂ ಅನ್ನೂದಿಲ್ಲವಾ. ನಿನ್ನ ತಲ್ಯಾಗ ಏನ ನಡೀತೈತಿ, ಅಷ್ಟ ಬಾಯಿ ಬಿಟ್ಟ ಹೇಳ." ಇಪ್ಪತ್ತೈದು ಎಂದೆ. ತುಟಿ ಅಲುಗಿತು: "ಪಂಚವೀಸ... ಪಾಂಚ..." ಐದು ಬರೆದಳು, ಆಮೇಲೆ ಎರಡು. ಇಪ್ಪತ್ತೊಂಬತ್ತು ಎಂದೆ. "ಏಕೋಣತೀಸ" ಎಂದಳು, ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಆ 'ತೀಸ' ಕಿವಿಗೆ ಬಿದ್ದದ್ದೇ ಮೂರು ಬಂದು ಕೂತಿತು, ನನ್ನ ಬಾಯಿಂದ ಕೇಳಿದ ಒಂಬತ್ತು ಅದರ ಪಕ್ಕಕ್ಕೆ. ಇನ್ನು ಇಪ್ಪತ್ತೆರಡನ್ನು ಹಿಂದುಮುಂದು ಮಾಡಿದರೂ ಇಪ್ಪತ್ತೆರಡೇ! ಎದೆಯ ಮೇಲಿನ ಕಲ್ಲು ಇಳಿಯಿತು ನೋಡಿ. ಹುಡುಗಿ ದಡ್ಡಿಯಲ್ಲ. ನಾನು ಕನ್ನಡದಲ್ಲಿ ಹೇಳಿದ್ದನ್ನು ಅವಳು ಮರಾಠಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ.

ತಕ್ಷಣ ಪಾಠ ಹೇಳಲು ನಾಲಗೆ ತುರಿಸಿತು. ಮಾಸ್ತರನಿಗೆ ಸುಮ್ಮನಿರುವುದರಷ್ಟು ಕಷ್ಟದ ಕೆಲಸ ಬೇರಿಲ್ಲ. ಕಷ್ಟಪಟ್ಟು ಸುಮ್ಮನಿದ್ದು, "ಈಗ ಏನ ಮಾಡೂಣು?" ಎಂದು ಇಡೀ ವರ್ಗವನ್ನೇ ಕೇಳಿದೆ. ಗದ್ದಲವೋ ಗದ್ದಲ. ಕಡೆಗೆ ಸುನಂದಾನೇ ಎದ್ದಳು. "ಕನ್ನಡದಾಗ ಅಪ್ಪ ಮುಂದ, ಮಗ ಹಿಂದ. ಮರಾಠ್ಯಾಗ ಮಗಾನ ಮುಂದ ಓಡಿ ಬರತಾನ್ರಿ. ಬರ್ಲಿ ಬಿಡ್ರಿ. ಅಪ್ಪಗ ಜಾಗಾ ಬಿಟ್ಟ ಕುಂದರಸ್ತೀನಿ." ಹಲಗೆಯ ಮೇಲೆ ಒಂದಂಕಿಯಷ್ಟು ಜಾಗ ಬಿಟ್ಟು ಐದು ಬರೆದಳು, ಅದರ ಎಡಕ್ಕೆ ಎರಡು. ಏಕೋಣ ಬಂದರೆ ಮಾತ್ರ ಬೆರಳು ಮಡಚಿ ಒಂದು ಹಿಂದಕ್ಕೆ ಬರುತ್ತಿದ್ದಳು.

ಶನಿವಾರ ಹೆಡ್‌ಮಾಸ್ತರರು "ನಲವತ್ತೈದು" ಎಂದರು. ಇವಳು ಜಾಗ ಬಿಟ್ಟು ಮೊದಲು ಐದು ಬರೆದಳು.

"ಉಲ್ಟಾ ಬರೀತಾಳಲ್ರೀ ಇಕಿ!"

"ಬರದ ಮುಗೀಲಿ ತಡೀರಿ ಸರ," ಎಂದೆ. ಎಡಕ್ಕೆ ನಾಲ್ಕು ಬಂದು ಕೂತಿತು. ಅವರು ಚಷ್ಮಾ ಏರಿಸಿ ನೋಡಿದರು, ಇನ್ನೂ ಕೆಲವು ಅಂಕಿ ಹೇಳಿದರು, ಒಂದೂ ತಪ್ಪಲಿಲ್ಲ. "ಹೋಗವಾ, ನಿನ್ನ ಜಾಗಾದಾಗ ಕುಂದ್ರ ಹೋಗ," ಎಂದರು. ಹುಡುಗಿ ಓಡಿದ ಓಟಕ್ಕೆ ಬೆಂಚು ಸರಿದುಹೋಯಿತು.

ಮುಂದಿನ ಸಭೆಯಲ್ಲಿ ಇದನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಬಾಯಾರು ಮಾತ್ರ ಎಷ್ಟು ಜಾಗ ಬಿಡುತ್ತಾಳೆ ಎಂದು ಕೇಳಿದರು. ಸುನಂದಾ ನಮ್ಮಲ್ಲಿ ಓದು ಮುಗಿಸಿ ಹೋದಳು, ಆಮೇಲೆ ಎಲ್ಲಿದ್ದಾಳೋ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ದವಾಖಾನೆಗೆ ಹೋದೆ. ನರ್ಸಬಾಯಿ ನನ್ನನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ "ಚೌಸಷ್ಟ" ಎಂದು ತನಗೇ ಹೇಳಿಕೊಂಡು, ಚೀಟಿಯ ಮೇಲೆ ಸ್ವಲ್ಪ ಜಾಗ ಬಿಟ್ಟು ನಾಲ್ಕು ಬರೆದಳು. ಆಮೇಲೆ ಎಡಕ್ಕೆ ಆರು. ನಾನು ಕಾಟಾದಿಂದ ಇಳಿಯುವುದನ್ನೇ ಮರೆತೆ.

"ಹಿಂಗ ಬರಿಯೂದು ಯಾರ ಕಲಿಸಿದ್ರವಾ?"

"ಖಂಡೇರಾಜುರಿ ಸಾಲ್ಯಾಗ ನಮ್ಮ ಬಾಯಾರ್ರಿ ಕಾಕಾ. ನಮ್ಮ ವರ್ಗದಾಗ ಎಲ್ಲಾರೂ ಹಿಂಗ ಬರೀತಿದ್ವಿ. ಬಾಯಾರ ಇದಕ್ಕ ಸುನಂದಾನ ರೀತಿ ಅಂತಿದ್ರು." ನಕ್ಕಳು. "ಯಾವ ಸುನಂದಾನೋ ಏನೋ, ನಮಗ್ಯಾರಿಗೂ ಗೊತ್ತಿಲ್ರಿ."

"ನನಗ ಗೊತ್ತೈತವಾ," ಎಂದೆ. ಇನ್ನೂ ಕಾಟಾದ ಮೇಲೇ ನಿಂತಿದ್ದೆ.