ರುದ್ರಣ್ಣನ ರೋಲರ್‌ಗೆ ಬಿದ್ದ ಕಣ್ಣು

"ಟೀಚರಮ್ಮ, ನೀವು ಬರ್ದಿದ್ದೇ ಬರ್ದಿದ್ದು, ನಮ್ಮ ರೋಲರ್‌ಗೆ ಕಣ್ಣು ಬಿತ್ತು ಕಣಮ್ಮ!"

ಸೋಮವಾರ ಬೆಳಿಗ್ಗೆ ಏಳಕ್ಕೆ ಬಂದ ಫೋನು. ಮೊದಲ ಲೋಟ ಕಾಫಿಯೇ ಇನ್ನೂ ಗಂಟಲಿಗಿಳಿದಿರಲಿಲ್ಲ. ಆ ಕಡೆ ಇದ್ದವರು ಗಂಗಮ್ಮ, ಅಜ್ಜಂಪುರದ ರುದ್ರಣ್ಣನ ಹೆಂಡತಿ. ಎರಡು ತಿಂಗಳ ಹಿಂದೆ ಪೇಪರಿನ ಇದೇ ಅಂಕಣದಲ್ಲಿ ರುದ್ರಣ್ಣನ ಬಗ್ಗೆ, ಅವರ ಹಳೇ ರೋಡ್ ರೋಲರ್ ಬಗ್ಗೆ ಬರೆದಿದ್ದೆ. (ಓದಿಲ್ಲವೇ? ಪರವಾಗಿಲ್ಲ, ನಮ್ಮ ಮನೆಯವರೂ ಓದಿಲ್ಲ.) ಹರಾಜಿನಲ್ಲಿ ಕೊಂಡ ರೋಲರನ್ನು ಮೂವತ್ತು ವರ್ಷದಿಂದ ತಾವೇ ಓಡಿಸುತ್ತಾ, ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಮುತ್ತ ಎಷ್ಟೋ ರಸ್ತೆಗಳನ್ನು ಸಪಾಟು ಮಾಡಿದ ಮನುಷ್ಯ ಅವರು.

ಆ ರೋಲರ್ ಈಗ ಕೆಲಸಕ್ಕೆ ಇಳಿದ ಹದಿನೈದೇ ನಿಮಿಷಕ್ಕೆ ಕುದಿಯುತ್ತಿದೆ. ರೇಡಿಯೇಟರ್ ಮುಚ್ಚಳದಿಂದ ಬುಸ್ ಎಂದು ಆವಿ. ಹಳ್ಳಿ ರಸ್ತೆಯ ಕೆಲಸ ಹಿಡಿದಿರುವ ಕಂಟ್ರಾಕ್ಟರ್ ಕೊನೆಯ ಮಾತು ಹೇಳಿಬಿಟ್ಟಿದ್ದಾರೆ. ಬುಧವಾರದೊಳಗೆ ಸರಿಹೋಗದಿದ್ದರೆ ಬೇರೆ ರೋಲರ್ ಬರುತ್ತದೆ, ಇದು ಗುಜರಿಗೆ ಹೋಗುತ್ತದೆ. ಗುಜರಿಯವರು ಆಗಲೇ ಬಂದು, ಒಂದು ಸುತ್ತು ಹಾಕಿ, ಚಕ್ರ ತಟ್ಟಿ ನೋಡಿಕೊಂಡು ಹೋಗಿದ್ದಾರಂತೆ.

"ಪೇಪರಲ್ಲಿ ಬಂದ ವಾರದಿಂದ್ಲೇ ಶುರುವಾಗಿದ್ದು. ನಿಂಬೆಹಣ್ಣು ಕಟ್ಟಿದ್ದಾಯ್ತು, ಬೂದುಗುಂಬಳ ಒಡೆದಿದ್ದಾಯ್ತು. ದೃಷ್ಟಿ ಇಳೀತಾನೇ ಇಲ್ಲ. ನಮ್ಮೋರು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ," ಎಂದರು ಗಂಗಮ್ಮ.

ನನಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ? ಹೈಸ್ಕೂಲಿನಲ್ಲಿ ಇಡೀ ಸರ್ವಿಸ್ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು ನಾನು. ಶಾಖ ಪ್ರಸರಣದ ಪಾಠವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಕಣ್ಣು ಬಿದ್ದರೆ ಎಂಜಿನ್ ಕುದಿಯುತ್ತದೆ ಎಂದು ಅದರಲ್ಲಿ ಎಲ್ಲೂ ಇಲ್ಲ. ಅದೂ ನನ್ನ ಅಂಕಣದಿಂದ! ಮಂಗಳವಾರ ಬೆಳಿಗ್ಗೆಯೇ ಕಡೂರಿನಲ್ಲಿ ಬಸ್ಸು ಹತ್ತಿದೆ.

ಅಜ್ಜಂಪುರದಲ್ಲಿ ಇಳಿದು ನಾಗಸೇನನನ್ನು ಜೊತೆಗೆ ಕರೆದುಕೊಂಡೆ. ಅಲ್ಲಿ ರೇಡಿಯೇಟರ್ ರಿಪೇರಿ ಶೆಡ್ ಇಟ್ಟಿರುವ ಅವನು ನನ್ನ ಹಳೇ ವಿದ್ಯಾರ್ಥಿ. (ವಿಜ್ಞಾನದಲ್ಲಿ ಜಸ್ಟ್ ಪಾಸ್.) ಈ ರೋಲರನ್ನು ಎರಡು ಸಲ ಬಿಚ್ಚಿ ಕಟ್ಟಿದ್ದು ಅವನೇ. ಆದ್ದರಿಂದ ಅವನಿಗೂ ಇದು ಮರ್ಯಾದೆಯ ಪ್ರಶ್ನೆ.

ರೋಲರ್ ರಸ್ತೆ ಬದಿಯ ಹುಣಸೆ ಮರದ ಕೆಳಗೆ ನಿಂತಿತ್ತು. ನೋಡಿದವಳೇ ಕರಗಿಹೋದೆ. ಮೂತಿಯ ಮೇಲೆ ನನ್ನ ಅಂಕಣ! ಪೇಪರ್ ಕಟಿಂಗನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ತಗಡಿಗೆ ಅಂಟಿಸಿ, ಫ್ರೇಮ್ ಕಟ್ಟಿಸಿ, ನಾಲ್ಕು ಬೋಲ್ಟ್ ಹಾಕಿ ಬಿಗಿದಿದ್ದರು ರುದ್ರಣ್ಣ. ಮೇಲೊಂದು ಸೇವಂತಿಗೆ ಹಾರ. ಮೂಲೆಯಲ್ಲಿ ಊಟದ ತಟ್ಟೆಯಗಲದ ನನ್ನ ಮುಖ. ಸುಳ್ಳೇಕೆ ಹೇಳಲಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಸ್ಟೇಟಸ್‌ಗೂ ಹಾಕಿದೆ.

ಯಂತ್ರ ಕೆಟ್ಟು ನಿಂತರೆ ನಮ್ಮ ಸೀಮೆಯಲ್ಲಿ ಡಾಕ್ಟರುಗಳಿಗೆ ಬರವೇ? ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟವರೊಬ್ಬರು ಬೈಕ್ ನಿಲ್ಲಿಸಿ, "ಬೋರ್ ನೀರು ಹುಯ್ದಿರ್ತೀರ, ಒಳಗೆ ಉಪ್ಪು ಕಟ್ಟೈತೆ," ಎಂದರು. ಇನ್ನೊಬ್ಬರು ಥರ್ಮೋಸ್ಟಾಟ್ ಕಿತ್ತು ಬಿಸಾಕಲು ಹೇಳಿದರು. ಮೂರನೆಯವರು ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಷರಾ ಬರೆದೇಬಿಟ್ಟರು.

ನಾಗಸೇನ ತಲೆ ಕೆರೆದುಕೊಂಡ. "ಉಪ್ಪು ತೆಗೆದಿದ್ದೀನಿ. ಥರ್ಮೋಸ್ಟಾಟ್ ಹೊಸದು, ಬೆಲ್ಟ್ ಹೊಸದು. ವಾಟರ್ ಪಂಪ್ ಬಿಚ್ಚಿ ನೋಡಿದ್ದೀನಿ. ಗ್ಯಾಸ್ಕೆಟ್ ಹೋಗಿದ್ರೆ ಆಯಿಲ್‌ಗೆ ನೀರು ಸೇರಿ ಬೆಳ್ಳಗಾಗ್ಬೇಕಿತ್ತು, ಆಗಿಲ್ಲ. ನನ್ನ ಶೆಡ್ಡಲ್ಲಿ ಒಂದು ಗಂಟೆ ಓಡಿಸಿದ್ರೂ ಟೆಂಪರೇಚರ್ ಮುಳ್ಳು ಅಲ್ಲಾಡಲ್ಲ ಮೇಡಂ. ಇಲ್ಲಿಗೆ ಬಂದ್ರೆ ಕುದೀತದೆ!"

"ಅದಕ್ಕೇ ಹೇಳಿದ್ದು ಕಣಪ್ಪ," ಎಂದರು ಬುತ್ತಿ ತಂದಿದ್ದ ಗಂಗಮ್ಮ. "ಶೆಡ್ಡಲ್ಲಿ ಯಾರು ನೋಡ್ತಾರೆ? ರಸ್ತೇಲಿ ಹೋಗೋ ಬರೋರ ಕಣ್ಣೆಲ್ಲ ಇದ್ರ ಮೇಲೇ."

ನಾನು ಮೂಢನಂಬಿಕೆಯ ಮೇಲೆ ಒಂದು ಪೀರಿಯಡ್ ತೆಗೆದುಕೊಂಡೆ. ಶೆಡ್ಡಿನಲ್ಲಿ ಲೋಡ್ ಇಲ್ಲ, ರಸ್ತೆಯಲ್ಲಿ ಲೋಡ್ ಇದೆ, ಆದ್ದರಿಂದ ಹೆಚ್ಚು ಶಾಖ ಎಂದು ವಿವರಿಸಿದೆ. ಗಂಗಮ್ಮ ಪೂರ್ತಿ ಕೇಳಿ, "ಮೂವತ್ತು ವರ್ಷ ಇರ್ಲಿಲ್ವಾ ಲೋಡು?" ಎಂದರು. ಪೀರಿಯಡ್ ಮುಗಿಯಿತು.

ರುದ್ರಣ್ಣ ಎಂಜಿನ್ ಶುರು ಮಾಡಿದರು. ನಾಗಸೇನ ಹೆಗಲ ಮೇಲಿನ ಟವೆಲ್ ತೆಗೆದು ರೋಲರ್ ಮುಂದೆ ಹಿಡಿದ. ಫ್ಯಾನ್ ಸರಿಯಾಗಿ ಗಾಳಿ ಎಳೆಯುತ್ತಿದ್ದರೆ ಟವೆಲ್ ಆ ಸೆಳೆತಕ್ಕೆ ಅಂಟಿಕೊಳ್ಳಬೇಕು. ಶೆಡ್ಡಿನಲ್ಲಿ ಹಾಗೇ ಅಂಟಿಕೊಂಡಿತ್ತಂತೆ. ಇಲ್ಲಿ ಸುಮ್ಮನೆ ಜೋತುಬಿದ್ದಿತ್ತು, ಫ್ರೇಮಿನೊಳಗಿನ ನನ್ನ ಮುಖದ ಮೇಲೆ.

ಅವನು ಟವೆಲನ್ನು ನೋಡಿದ. ಫ್ರೇಮನ್ನು ನೋಡಿದ. ಆಮೇಲೆ ನನ್ನನ್ನು.

"ರುದ್ರಣ್ಣ, ಈ ಬೋರ್ಡು ನನ್ನ ಶೆಡ್ಡಿಗೆ ಬಂದಾಗ ಇರ್ಲಿಲ್ವಲ್ಲ?"

"ಎಣ್ಣೆ ಕೈ ಮುಟ್ಬಾರ್ದು ಅಂತ ಬಿಚ್ಚಿ ಮನೇಲಿ ಇಟ್ಟು ಬತ್ತಿದ್ದೆ ಕಣೋ. ವಾಪಸ್ ಬಂದ್ಮೇಲೆ ಪೂಜೆ ಮಾಡಿ ಹಾಕ್ತಿದ್ದೆ."

"ಮೇಡಂ, ಬೇಜಾರು ಮಾಡ್ಕೋಬೇಡಿ," ಎಂದ ನಾಗಸೇನ ಮೆಲ್ಲಗೆ. "ಗಾಳಿ ಹೋಗೋ ಗ್ರಿಲ್ ಪೂರ್ತಿ ನೀವೇ ಮುಚ್ಚಿದ್ದೀರ."

ಎರಡು ತಿಂಗಳು! ರಿಪೇರಿ ಮಾಡಿದವರು ಬಾನೆಟ್ ಎತ್ತಿ ಒಳಗೆ ನೋಡಿದ್ದಾರೆ. ಮುಂದೆ ನಿಂತವರು ಓದಿದ್ದಾರೆ. ವಿಜ್ಞಾನದ ಟೀಚರ್ ಫೋಟೋ ತೆಗೆಸಿಕೊಂಡಿದ್ದಾಳೆ.

ತೆಗೆದರೆ ಆಯಿತಲ್ಲ ಎನ್ನುತ್ತೀರಾ? ರುದ್ರಣ್ಣ ಅಡ್ಡ ನಿಂತರು. "ಬ್ಯಾಡ ಟೀಚರಮ್ಮ. ರೇಷನ್ ಕಾರ್ಡು, ಓಟರ್ ಲಿಸ್ಟು ಬಿಟ್ರೆ ನನ್ನ ಹೆಸ್ರು ಇನ್ನೆಲ್ಲೂ ಯಾರೂ ಬರೆದಿರ್ಲಿಲ್ಲ. ನೀವು ಬರೆದ್ರಿ. ಬೇರೆ ಏನಾದ್ರೂ ದಾರಿ ನೋಡು ನಾಗಸೇನ, ಇದು ಮಾತ್ರ ಇರ್ಲಿ."

ಹೇಳುತ್ತಲೇ ಫ್ರೇಮಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. ನನಗೆ ಕಣ್ಣು ತುಂಬಿ ಬಂತು. ಒಂದು ಗಂಟೆಯಲ್ಲಿ ಬರೆದು ಮುಗಿಸಿ ಮರೆತಿದ್ದನ್ನು ಈ ಮನುಷ್ಯ ದಿನಾ ಒರೆಸಿ ಹೂವು ಹಾಕುತ್ತಿದ್ದಾರೆ. ಅದಕ್ಕಾಗಿ ತಮ್ಮ ಅನ್ನದ ಯಂತ್ರವನ್ನೇ ಗುಜರಿಗೆ ಕೊಡಲು ಹೊರಟಿದ್ದಾರೆ. ಇನ್ನು ಸುಮ್ಮನಿರುವುದು ಹೇಗೆ? ಎಂಜಿನ್ ಆಫ್ ಮಾಡಿಸಿ, ನಾಗಸೇನನ ಕೈಯಿಂದ ಸ್ಪ್ಯಾನರ್ ಇಸಿದುಕೊಂಡೆ.

ಮೂರು ಬೋಲ್ಟ್ ಸಲೀಸಾಗಿ ಬಂದವು. ನಾಲ್ಕನೆಯದು ನನ್ನ ಮುಖದ ಪಕ್ಕದ್ದು. ಅಲ್ಲಿ ಕೈ ಸ್ವಲ್ಪ ತಡೆಯಿತು. (ಫೋಟೋ ಚೆನ್ನಾಗಿ ಬಂದಿತ್ತು ಕಣ್ರೀ!) ಅದನ್ನೂ ಬಿಚ್ಚಿದೆ.

ಎಂಜಿನ್ ಮತ್ತೆ ಶುರುವಾಯಿತು. ಟವೆಲ್ ಹಿಡಿದದ್ದೇ ತಡ, ಪಟ್ ಎಂದು ಗ್ರಿಲ್ಲಿಗೆ ಅಂಟಿಕೊಂಡಿತು. ರೋಲರ್ ಜಲ್ಲಿಯ ಮೇಲೆ ಇಳಿಯಿತು. ಹದಿನೈದು ನಿಮಿಷ ಕಳೆಯಿತು. ಅರ್ಧ ಗಂಟೆ. ರುದ್ರಣ್ಣ ಪ್ರತಿ ಸಲ ತಿರುಗಿಸಿಕೊಂಡು ಬಂದಾಗಲೂ ನಾವು ಮೂವರೂ ಮುಳ್ಳು ಎಲ್ಲಿದೆ ಎಂದು ಕೈಯಲ್ಲೇ ಕೇಳುವುದು, ಅವರು ನಗುತ್ತಾ ತಲೆಯಾಡಿಸುವುದು. ಒಂದೂವರೆ ಗಂಟೆ ಓಡಿದರೂ ಮುಳ್ಳು ಅರ್ಧ ದಾಟಲಿಲ್ಲ. ಕಂಟ್ರಾಕ್ಟರ್ ಬಂದು ನೋಡಿ, ನಾಳೆಯೂ ಇದೇ ಇರಲಿ ಎಂದು ಹೇಳಿ ಹೋದರು. ರುದ್ರಣ್ಣ ಇಳಿದು ಬಂದು ಮರದ ಕೆಳಗೆ ಕೂತು ಎರಡು ರೊಟ್ಟಿ ಹೆಚ್ಚಿಗೇ ತಿಂದರು.

ಗಂಗಮ್ಮ ನನ್ನ ಎಲೆಗೆ ಚಟ್ನಿ ಬಡಿಸುತ್ತಾ, "ನಾನು ಹೇಳ್ಲಿಲ್ವಾ, ನಿಮ್ಮ ಪೇಪರಿಂದ್ಲೇ ಆಗಿದ್ದು ಅಂತ?" ಎಂದರು.

ಹೌದಲ್ಲ!

ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ನಮ್ಮ ಸನ್ಮಾನಗಳನ್ನೇ ನೋಡಿ. ಬೇಸಿಗೆಯ ನಡುಮಧ್ಯಾಹ್ನ ಎಂಬತ್ತು ದಾಟಿದವರಿಗೆ ಪೇಟ, ಶಾಲು, ಮಣಭಾರದ ಹಾರ, ಕೈಯಲ್ಲೊಂದು ಹಣ್ಣಿನ ಬುಟ್ಟಿ. ಪಾಪ, ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲ. ಪ್ರೀತಿ ಸುಳ್ಳಲ್ಲ. ಆದರೆ ಅವರಿಗೆ ಉಸಿರಾಡಲು ಜಾಗ ಬಿಟ್ಟಿದ್ದೇವೆಯೇ ಎಂದು ನಮ್ಮಲ್ಲಿ ಒಬ್ಬರಾದರೂ ನೋಡುತ್ತಾರೆಯೇ?

ಬೋರ್ಡು ಈಗ ರುದ್ರಣ್ಣನ ಮನೆಯ ನಡುಮನೆ ಗೋಡೆಯಲ್ಲಿದೆ. ನಿನ್ನೆ ಅವರದೇ ಫೋನು. "ಈ ಕತೇನೂ ಬರೀತೀರಂತೆ? ಬರೀರಿ ಟೀಚರಮ್ಮ, ರೋಲರ್ ಸೈಡಿಗೆ ಹಾಕ್ಸ್ತೀನಿ. ಆದ್ರೆ ಈ ಸಲ ಒಸಿ ಚಿಕ್ಕದಾಗಿ ಬರೀರಿ."

ಇಲ್ಲಿಗೆ ನಿಲ್ಲಿಸಿದೆ ರುದ್ರಣ್ಣ. ಗಾಳಿ ಆಡ್ತಿದೆಯಾ?